ವಾರ್ಡ್ ಸಭೆಗೆ ಮುಂಚೆ ಒಂದು ಮಾತು: ಮಲೆನಾಡಲ್ಲಿ ಒಳ್ಳೆ ಊಟ, ಓಡಾಟ ಯಾರಿಗೆ ಸಿಗುತ್ತಿದೆ?

ಕಾಲುಸಂಕ | ತೀರ್ಥಹಳ್ಳಿ ತಾಲ್ಲೂಕು

ನಮ್ಮ ಪಂಚಾಯ್ತಿಯಲ್ಲಿ ವಾರ್ಡ್ ಸಭೆ ಹತ್ತಿರ ಬಂತು. ಮುಂದಿನ ವರ್ಷದ ಯೋಜನೆಗೆ ಏನೇನು ಬೇಕೋ ಬರೆದುಕೊಡಿ ಅಂದಿದ್ದಾರೆ. ಪ್ರತಿಸಲ ನಾವು ಬರೆಯುವುದು ಅದೇ ರಸ್ತೆ, ಚರಂಡಿ, ಬೀದಿದೀಪ. ಈ ಸಲ ಊಟದ ವಿಷಯವನ್ನೂ ಓಡಾಟದ ವಿಷಯವನ್ನೂ ಬರೆಸೋಣ ಅಂತ ನಮ್ಮ ಸಂಘದ ಕೆಲವರು ಹೊರಟಿದ್ದೇವೆ. ಏನು ಕೇಳಬೇಕು, ಹೇಗೆ ಕೇಳಬೇಕು, ನಿಮ್ಮ ಅನುಭವ ಹೇಳಿ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಕಡೆ ವಾರಕ್ಕೊಂದು ಸಲ ತರಕಾರಿ ಗಾಡಿ ಬರುತ್ತದೆ. ಶಿವಮೊಗ್ಗದ ಮಂಡಿಯಿಂದ ಹೊರಡುವಾಗ ಅದರಲ್ಲಿ ಬೀನ್ಸ್, ಬದನೆ, ಸೊಪ್ಪು ಎಲ್ಲ ಇರುತ್ತದೆ. ಡಾಂಬರು ರಸ್ತೆ ಪಕ್ಕದ ಊರುಗಳಲ್ಲೇ ಒಳ್ಳೆಯದೆಲ್ಲ ಖಾಲಿ. ನಮ್ಮ ಕೇರಿಗೆ ಬರುವ ಹೊತ್ತಿಗೆ ಈರುಳ್ಳಿ, ಆಲೂಗಡ್ಡೆ, ಎಲೆಕೋಸು, ಕ್ರೇಟಿನ ಅಡಿಯಲ್ಲಿ ಜಜ್ಜಿಹೋದ ಟೊಮೆಟೊ. ಬೆಲೆ ಮಾತ್ರ ಪೇಟೆಗಿಂತ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಾರು ಇದ್ದವರು ಪೇಟೆಗೆ ಹೋಗಿ ಫ್ರಿಜ್ ತುಂಬಿಸಿಕೊಳ್ಳುತ್ತಾರೆ. ಕೂಲಿಗೆ ಹೋಗುವವರ ಮನೆಯಲ್ಲಿ ಆ ನಾಲ್ಕು ತಿಂಗಳು ಅನ್ನ, ನೀರು ಸಾರು, ಇದ್ದರೆ ಒಣಮೀನು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರಡಿಸಿತು. ಅದರ ತಟ್ಟೆಯ ಲೆಕ್ಕದಲ್ಲಿ ದೊಡ್ಡವರೊಬ್ಬರಿಗೆ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 85 ಗ್ರಾಂ ಬೇಳೆಕಾಳು. ಐದು ಜನರ ಮನೆಗೆ ದಿನಕ್ಕೆ 2 ಕೆಜಿ ತರಕಾರಿ ಆಯ್ತು, ವಾರಕ್ಕೆ 14 ಕೆಜಿ. ನಮ್ಮ ಕೇರಿಯ ಇಡೀ ಸಾಲುಮನೆ ಸೇರಿ ಅಷ್ಟು ಕೊಳ್ಳುವುದಿಲ್ಲ. ತಿನ್ನಬೇಕು ಅಂತ ಗೊತ್ತಿಲ್ಲದೆ ಅಲ್ಲ.

ಹಳೇತೋಟ | ಕೊಪ್ಪ

ಮಾರಾಯ್ರೇ, ಮಲೆನಾಡಲ್ಲಿ ಕೂತು ತರಕಾರಿ ಗಾಡಿ ಕಾಯುವ ಕಾಲ ಬಂತಲ್ಲ, ಅದೇ ಬೇಜಾರು. ನಮ್ಮ ಅಜ್ಜಿ ಮಳೆಗಾಲಕ್ಕೆ ಪೇಟೆ ತರಕಾರಿ ತರಿಸಿದ್ದೇ ಇಲ್ಲ. ಬೇಸಿಗೆಯಲ್ಲಿ ಗದ್ದೆಯಲ್ಲಿ ಬೆಳೆದ ಸೌತೆಕಾಯಿಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಅಡುಗೆಮನೆ ಜಂತಿಗೆ ಸಾಲಾಗಿ ತೂಗುಹಾಕುತ್ತಿದ್ದರು. ಅಟ್ಟದಲ್ಲಿ ಬೂದುಗುಂಬಳ, ಸಿಹಿಗುಂಬಳ. ಭರಣಿಯಲ್ಲಿ ಉಪ್ಪಿಗೆ ಹಾಕಿದ ಹಲಸಿನ ಸೊಳೆ. ಮಳೆ ಹಿಡಿದ ಮೇಲೆ ಕಳಲೆ, ಕೆಸುವಿನ ಪತ್ರೊಡೆ, ಚಗಟೆ ಸೊಪ್ಪು, ಅಣಬೆ, ಒಂದೆಲಗದ ತಂಬುಳಿ. ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುವ ಮೀನು ಬಂದರೆ ಹಬ್ಬ.

ಇದೆಲ್ಲ ಬಿಟ್ಟು ಕ್ಯಾರೆಟ್ ಬೇಕು ಅಂದರೆ ಹೇಗೆ? ಪಂಚಾಯ್ತಿಗೆ ಕೇಳುವುದಾದರೆ ಬೀಜ ಕೇಳಿ. ಹಿತ್ತಿಲಲ್ಲಿ ಬೆಳೆಯಿರಿ.

ಜನತಾ ಮನೆ | ಹೊಸನಗರ ತಾಲ್ಲೂಕು

ಹಳೇತೋಟದವರೇ, ನಿಮ್ಮ ಅಜ್ಜಿಗೆ ಗದ್ದೆ ಇತ್ತು. ಅಟ್ಟ ಇತ್ತು. ಹಲಸಿನ ಮರ ಇತ್ತು. ಸೊಳೆ ಬಿಡಿಸೋಕೆ ಮಧ್ಯಾಹ್ನ ಆಳುಗಳೂ ಇದ್ದರು ಅಲ್ವಾ? ಆ ಆಳುಗಳಲ್ಲಿ ನಮ್ಮ ಅಜ್ಜಿಯೂ ಇದ್ದಿರಬಹುದು.

ನಮ್ಮದು ಸರ್ಕಾರ ಕೊಟ್ಟ ಆಶ್ರಯ ಮನೆ. ಗೋಡೆಯಿಂದ ಗೋಡೆಗೆ ಸೈಟು ಮುಗಿಯಿತು. ಹಿಂದೆ ಬಚ್ಚಲು, ಮುಂದೆ ರಸ್ತೆ. ಶೀಟಿನ ಮಾಡಿಗೆ ಜಂತಿ ಎಲ್ಲಿಂದ ಬರಬೇಕು? ತೋಟದ ಲೈನ್ ಮನೆಯಲ್ಲಿ ಇರುವವರ ಕಥೆ ಇನ್ನೂ ಬೇರೆ. ಅಲ್ಲಿ ಒಂದು ಬಸಳೆ ಬಳ್ಳಿ ಹಬ್ಬಿಸಬೇಕಾದರೂ ಧಣಿಗಳನ್ನು ಕೇಳಬೇಕು. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದರೆ ಸಂಜೆ ಐದೂವರೆಗೆ ಬರುವುದು. ಸೊಪ್ಪು ಹುಡುಕಲು ಬ್ಯಾಣಕ್ಕೆ, ಅಂದರೆ ಹುಲ್ಲುಗುಡ್ಡಕ್ಕೆ, ಹೋಗುವುದು ಯಾವಾಗ? ಹೋದರೂ ಈಗ ಬ್ಯಾಣಕ್ಕೆಲ್ಲ ಬೇಲಿ. ಗದ್ದೆ ಹೋಗಿ ಅಡಿಕೆ ಬಂತು. ಗದ್ದೆ ಅಂಚಿನಲ್ಲಿ ಸಿಗುತ್ತಿದ್ದ ಒಂದೆಲಗ ಹೋಯಿತು, ಕೊಯ್ಲಾದ ಮೇಲೆ ಹಾಕುತ್ತಿದ್ದ ಉದ್ದು, ಹೆಸರು ಹೋಯಿತು, ಏಡಿಯೂ ಕಡಿಮೆಯಾಯಿತು. ಗದ್ದೆ ಯಾರದ್ದೇ ಇದ್ದರೂ ಅಂಚಿನ ಸೊಪ್ಪು ಎಲ್ಲರದ್ದಾಗಿತ್ತು. ತೋಟದಲ್ಲಿ ಹಾಗಿಲ್ಲ.

ಬೀಜ ಕೊಡಿ ಅಂತ ಕೇಳುವ ಮುಂಚೆ ಅದನ್ನು ಹಾಕಲು ಎರಡು ಗುಂಟೆ ಜಾಗ ಕೊಡಿ ಅಂತ ಬರೆಸಿ. ಕೇರಿಗೊಂದು ಸಾಕು. ನಾವೇ ಬೆಳೆಯುತ್ತೇವೆ.

ಮುಳುಗಡೆ | ಶಿವಮೊಗ್ಗ ತಾಲ್ಲೂಕು

ಜಾಗದ ಮಾತು ಬಂತು ಅಂತ ಬರೆಯುತ್ತಿದ್ದೇನೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಹಿನ್ನೀರಲ್ಲಿ ಊರು ಮುಳುಗುತ್ತದೆ ಅಂತ ನಮ್ಮ ಹಿರಿಯರು ಮೊದಲೇ ಲಾರಿ ಹತ್ತಿ ಇಲ್ಲಿಗೆ ಬಂದವರು. ಕಾಡು ಕಡಿದು ಸಾಗುವಳಿ ಮಾಡಿಕೊಳ್ಳಿ ಅಂದರು, ಮಾಡಿಕೊಂಡರು. ಹಕ್ಕುಪತ್ರ ಇವತ್ತಿಗೂ ನಮ್ಮ ಮನೆಗೆ ಬಂದಿಲ್ಲ. ಪಹಣಿ ಇಲ್ಲದಿದ್ದರೆ ಸಹಾಯಧನದ ಹನಿ ನೀರಾವರಿ ಇಲ್ಲ, ಸಾಲ ಇಲ್ಲ, ಬಾವಿ ತೋಡಲು ಹೋದರೆ ಅರಣ್ಯದವರು. ಪೌಷ್ಟಿಕ ಕೈತೋಟದ ಅರ್ಜಿ ಕೊಟ್ಟರೆ ಮೊದಲ ಪ್ರಶ್ನೆಯೇ ಸರ್ವೆ ನಂಬರ್. ಅಲ್ಲಿಗೆ ಮಾತು ಮುಗಿಯಿತು.

ಮಂಗನ ಕಾವಲು | ಹೊಸನಗರ

ಕೈತೋಟ ಕೈತೋಟ ಅನ್ನುವವರು ಒಂದು ವಾರ ನಮ್ಮನೆಗೆ ಬಂದು ಇರಿ. ಊಟ ಹಾಕುತ್ತೇನೆ. ಕೆಲಸ ಒಂದೇ, ಮಂಗ ಓಡಿಸುವುದು.

ಮಂಗ ಬದನೆಕಾಯಿ ತಿಂದರೆ ನನಗೆ ಬೇಸರ ಇಲ್ಲ. ಒಂದೊಂದು ಕಚ್ಚಿ ಬಿಸಾಡಿ ಹೋಗುತ್ತದೆ. ಬೆಂಡೆ, ಅಲಸಂದೆ, ಬಾಳೆ, ಪಪ್ಪಾಯಿ ಯಾವುದನ್ನೂ ಬಿಡುವುದಿಲ್ಲ. ನಾಗೋಡಿ ಕಡೆ ಮಂಕಿ ಪಾರ್ಕ್ ಮಾಡುತ್ತೇವೆ ಅಂತ ಸರ್ಕಾರ ಹೊರಟಿತ್ತು. ಅಲ್ಲಿಯವರು ಬೇಡ ಅಂದರು. ಅವರದ್ದೂ ತಪ್ಪಲ್ಲ, ಎಲ್ಲರ ಮಂಗ ಅವರ ಊರಿಗೇ ಯಾಕೆ?

ನಮ್ಮಲ್ಲಿ ಉಳಿದಿರುವುದು ಮಂಗಕ್ಕೆ ರುಚಿಸದವು ಮಾತ್ರ. ಕೆಸು, ಸುವರ್ಣಗಡ್ಡೆ, ಹಾಗಲ, ಸೂಜಿಮೆಣಸು, ದೊಡ್ಡಪತ್ರೆ. ಚಕ್ರಮುನಿ ಗಿಡ ಬೇಲಿಸಾಲಿಗೆ ನೆಟ್ಟಿದ್ದೇವೆ, ಕೊಂಬೆ ಚುಚ್ಚಿದರೆ ಬರುತ್ತದೆ, ಕೊಯ್ದಷ್ಟೂ ಚಿಗುರುತ್ತದೆ. ಪಲ್ಯಕ್ಕೆ ಆಗುತ್ತದೆ. ಆದರೆ ಹಸಿಯಾಗಿ ಅರೆದು ಲೋಟಗಟ್ಟಲೆ ಕುಡಿಯಲು ಹೋಗಬೇಡಿ, ಅದು ಒಳ್ಳೆಯದಲ್ಲ. ಜನತಾ ಮನೆಯವರು ಕೇಳಿದ ಎರಡು ಗುಂಟೆಗೆ ತಲೆ ಮೇಲೂ ಬಲೆ ಬೇಕು. ಬಲೆ ಇಲ್ಲದ ಕೈತೋಟಕ್ಕೆ ದುಡ್ಡು ಹಾಕಿದರೆ ಅದು ಮಂಗನ ಪೌಷ್ಟಿಕ ಯೋಜನೆ.

ಅಂಗನವಾಡಿ ಟೀಚರ್ | ತೀರ್ಥಹಳ್ಳಿ ತಾಲ್ಲೂಕು

ನಾನು ನೋಡಿದ್ದು ಹೇಳುತ್ತೇನೆ. ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ಕ್ಕೆ ಶುರುವಾಯಿತು. ಗರ್ಭಿಣಿಯರು, ಬಾಣಂತಿಯರು ಅಂಗನವಾಡಿಗೆ ಬಂದು ಬಿಸಿ ಊಟ ಮಾಡಬೇಕು. ಅನ್ನ, ಬೇಳೆ ಸಾರು, ತರಕಾರಿ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಯೋಚನೆ ಬಹಳ ಒಳ್ಳೆಯದು. ಮನೆಗೆ ಕೊಟ್ಟರೆ ಮನೆಯವರೆಲ್ಲ ಹಂಚಿಕೊಂಡು ತಿಂದು ಬಸುರಿಗೆ ಉಳಿಯುವುದಿಲ್ಲ, ಅದಕ್ಕೇ ಇಲ್ಲೇ ಬಂದು ತಿನ್ನಲಿ ಅಂತ.

ಬಯಲುಸೀಮೆಯ ಊರಲ್ಲಿ ಅಂಗನವಾಡಿ ಅಂದರೆ ಎರಡು ಬೀದಿ ಆಚೆ. ನಮ್ಮಲ್ಲಿ ಒಂದು ಮನೆ ಈ ಗುಡ್ಡದಲ್ಲಿ, ಇನ್ನೊಂದು ಆ ಗುಡ್ಡದಲ್ಲಿ. ಎಂಟು ತಿಂಗಳ ಬಸುರಿ ಜುಲೈನ ಜಾರು ದಾರಿಯಲ್ಲಿ ಹಳ್ಳದ ಮೇಲಿನ ಕಾಲುಸಂಕ ದಾಟಿ ಬರಬೇಕಾ? ಬಂದು ಉಂಡು ವಾಪಸ್ ಏರು ಹತ್ತುವಷ್ಟರಲ್ಲಿ ಮತ್ತೆ ಹಸಿವು. ಅವಳ ಅತ್ತೆಯೇ ಬೇಡ ಅನ್ನುತ್ತಾರೆ. ನನಗೂ ಬಾ ಅನ್ನಲು ಬಾಯಿ ಬರುವುದಿಲ್ಲ. ಕೊರೊನಾ ಕಾಲದಲ್ಲಿ ಸಾಮಗ್ರಿ ಮನೆಗೇ ಕೊಟ್ಟಾಗ ನಮ್ಮ ದೂರದ ಮನೆಗಳಿಗೆ ನಿಜವಾಗಿ ತಲುಪಿತು. ಒಂದೇ ನಿಯಮ ಎಲ್ಲ ಕಡೆಗೆ ಹಾಕಿದರೆ ಸಮಾನ ಅಂತ ಕಾಣುತ್ತದೆ. ತಲುಪುವುದು ಸಮತಟ್ಟು ಇದ್ದ ಕಡೆಗೆ.

ಇನ್ನೊಂದು ವಿಷಯ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಅಂತ ಪ್ರತಿ ಕಂದಾಯ ಗ್ರಾಮಕ್ಕೂ ಒಂದು ಇರುತ್ತದೆ. ವರ್ಷಕ್ಕೆ 10,000 ರೂಪಾಯಿವರೆಗೆ ಅನುದಾನ ಬರಲು ಅವಕಾಶ ಇದೆ. ಏನು ಮಾಡಬೇಕು ಅಂತ ಊರೇ ತೀರ್ಮಾನ ಮಾಡಬಹುದು. ನಿಮ್ಮೂರಿನ ಸಮಿತಿಯಲ್ಲಿ ಯಾರಿದ್ದಾರೆ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ. ನಿಮ್ಮ ಹೆಸರೇ ಇದ್ದರೂ ಇರಬಹುದು!

ನಿವೃತ್ತ ಮೇಷ್ಟ್ರು | ಸಾಗರ

ಟೀಚರಮ್ಮ ಹೇಳಿದ್ದು ಸರಿ. 1951ರಲ್ಲಿ ನಮ್ಮ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದಿದ್ದು ಭತ್ತ ಅಳೆಯುವ ಕೊಳಗದ ಅಳತೆಗೆ. ಧಣಿಗಳು ಕೊಡುವಾಗ ಒಂದು ಕೊಳಗ, ತೆಗೆದುಕೊಳ್ಳುವಾಗ ಇನ್ನೊಂದು. ಸಮಾಜವಾದಿ ನಾಯಕ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಬೆಳೆಯುವವನ ತಟ್ಟೆಗೆ ಎಷ್ಟು ಬೀಳುತ್ತದೆ ಅನ್ನುವ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ.

ಶಾಲೆಯ ಊಟದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ನಡೆಯುತ್ತಿರುವುದನ್ನು ನಡೆಯುತ್ತಿದೆ ಅನ್ನಬೇಕು. 2013ರ ಆಗಸ್ಟ್‌ನಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಬಂತು. ಆಮೇಲೆ ಮೊಟ್ಟೆ ಬಂತು, ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನ. ಮಠ, ಜಾತಿ, ಮಡಿ ಅಂತ ಏನೇ ಗಲಾಟೆ ಆದರೂ ಕೂಲಿಯವರ ಮಕ್ಕಳಿಗೆ ದಿನಾ ಒಂದು ಮೊಟ್ಟೆ ಸಿಗುವುದು ಸಣ್ಣ ಮಾತಲ್ಲ. ಆದರೆ ಮಳೆಗಾಲದಲ್ಲಿ ಮೊಟ್ಟೆ ಟ್ರೇಯನ್ನು ಬೈಕಿನ ಹಿಂದೆ ಕಟ್ಟಿಕೊಂಡು ಹೋಗುವುದು ಮುಖ್ಯ ಶಿಕ್ಷಕರೇ. ಒಡೆದದ್ದಕ್ಕೆ ಲೆಕ್ಕ ಎಲ್ಲೂ ಬರೆಯಲು ಜಾಗ ಇಲ್ಲ. ಬಾಡಿಗೆ ಕೈಯಿಂದ.

ಪಡಿತರದ ಬಗ್ಗೆಯೂ ಬರೆಸಿ. ಅನ್ನಭಾಗ್ಯದಿಂದ ಹಸಿವು ಹೋಯಿತು, ಒಪ್ಪುತ್ತೇನೆ. ಆದರೆ ಬೆಳಿಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ ಅಂದರೆ ಅಕ್ಕಿ ಮೇಲೆ ಅಕ್ಕಿ. ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ಒಪ್ಪಿತು. ಬೇಳೆಗೆ ನನ್ನ ಕೈ ಎತ್ತುತ್ತೇನೆ. ಸಕ್ಕರೆ ಯಾಕೆ ಅಂತ ಅರ್ಥವಾಗಲಿಲ್ಲ.

ಜನತಾ ಮನೆ | ಹೊಸನಗರ ತಾಲ್ಲೂಕು

ಮೇಷ್ಟ್ರೇ, ಸಕ್ಕರೆ ಇರಲಿ ಬಿಡಿ. ಬೆಳಿಗ್ಗೆ ಕೆಲಸಕ್ಕೆ ಹೋಗುವವರಿಗೆ ಚಹಾ ಬೇಕಲ್ಲ. ಬೇಡ ಅನ್ನುವುದು ಉಳಿದವರಿಗೆ ಸುಲಭ. ಅದಕ್ಕಿಂತ ನೆಟ್‌ವರ್ಕ್ ವಿಷಯ ಬರೆಸಿ. ಹೆಬ್ಬೆಟ್ಟು ಒತ್ತಿದರೆ ಮಿಷನ್ ಸುತ್ತುತ್ತಲೇ ಇರುತ್ತದೆ. ಅಡಿಕೆ ಸುಲಿದು ಸುಲಿದು ಬೆರಳಲ್ಲಿ ಗೆರೆ ಉಳಿದಿಲ್ಲ. ರೇಷನ್ನಿಗೆ ಅಂತ ಎರಡು ಸಲ ಬಂದರೆ ಎರಡು ದಿನದ ಕೂಲಿ ಹೋಯಿತು.

ವಿನೋಬನಗರದವಳು | ಶಿವಮೊಗ್ಗ

ಪೇಟೆಯ ಕಥೆಯೂ ಸ್ವಲ್ಪ ಕೇಳಿ. ನನ್ನ ಮನೆ ಹತ್ತಿರ ಪಾರ್ಕ್ ಇದೆ, ಓಪನ್ ಜಿಮ್ ಇದೆ. ಬೆಳಿಗ್ಗೆ ನಡೆಯುವವರು ರಾಶಿ ರಾಶಿ. ನಮ್ಮನೆಗೆ ಕೆಲಸಕ್ಕೆ ಬರುವ ಅಕ್ಕ ಇರುವುದು ಹಳೇ ಊರಿನ ಕೇರಿಯಲ್ಲಿ. ಅಲ್ಲಿ ಓಣಿ ಬಿಟ್ಟರೆ ಬಯಲೇ ಇಲ್ಲ. ಅವಳ ಮಗಳು ಒಂಬತ್ತನೇ ಕ್ಲಾಸು, ಕಬಡ್ಡಿ ಚೆನ್ನಾಗಿ ಆಡುತ್ತಾಳೆ. ಶಾಲೆ ಬಿಟ್ಟ ಮೇಲೆ ಗೇಟಿಗೆ ಬೀಗ. ಮೈದಾನ ಇದೆ, ಒಳಗೆ ಹೋಗುವ ಹಾಗಿಲ್ಲ. ಹುಡುಗರು ಕಾಂಪೌಂಡ್ ಹಾರುತ್ತಾರೆ, ಹುಡುಗಿಯರು ಮನೆಗೆ ಹೋಗುತ್ತಾರೆ.

ಸ್ಮಾರ್ಟ್ ಸಿಟಿ ದುಡ್ಡಲ್ಲಿ ಫುಟ್‌ಪಾತ್ ಮಾಡಿದರು. ಕೆಲವು ಕಡೆ ನಿಜಕ್ಕೂ ಚೆನ್ನಾಗಿದೆ. ಅದರ ಮೇಲೆ ಈಗ ಬೈಕು ನಿಂತಿರುತ್ತವೆ, ನಾವು ರಸ್ತೆಗೆ ಇಳಿಯುತ್ತೇವೆ. ಸೊಪ್ಪು ಮಾರುವ ಅಜ್ಜಿಯನ್ನು ಅಲ್ಲಿಂದ ಎಬ್ಬಿಸಿದಷ್ಟು ಸುಲಭವಾಗಿ ಬೈಕುಗಳನ್ನು ಎಬ್ಬಿಸಿದ್ದು ನಾನು ನೋಡಿಲ್ಲ. ಬುಟ್ಟಿಯಲ್ಲಿ ಹರಿವೆ ಸೊಪ್ಪು ಇಟ್ಟುಕೊಂಡು ಮನೆ ಬಾಗಿಲಿಗೆ ಬರುವವರೇ ನಮ್ಮಲ್ಲಿ ಅತಿ ಕಡಿಮೆ ಬೆಲೆಗೆ ಒಳ್ಳೆ ಊಟ ಕೊಡುವವರು. ಅವರಿಗೆ ನೆರಳಿರುವ ಜಾಗ ಮೊದಲು ಕೊಡಲಿ.

ಗುಡ್ಡದ ಗಾಳಿ | ಆಗುಂಬೆ ಕಡೆ

ಹಳ್ಳಿಯವರಿಗೆ ವ್ಯಾಯಾಮ ಯಾಕೆ ಅಂತ ನನಗೆ ಅರ್ಥವಾಗುತ್ತಿಲ್ಲ. ಪಂಚಾಯ್ತಿ ಮುಂದೆ ಓಪನ್ ಜಿಮ್ ಹಾಕಿದ್ದಾರೆ, ಅದರ ಮೇಲೆ ಬಟ್ಟೆ ಒಣಗುತ್ತಿವೆ. ಆಗುಂಬೆ ಮಳೆಯಲ್ಲಿ ತುಕ್ಕು ಹಿಡಿಯಲು ಎಷ್ಟು ದಿನ ಬೇಕು!

ನರ್ಸಮ್ಮ | ಭದ್ರಾವತಿ

ಗುಡ್ಡದ ಗಾಳಿಯವರೇ, ಅರ್ಧ ಮಾತು ಒಪ್ಪುತ್ತೇನೆ. ದಿನವಿಡೀ ಗೊಬ್ಬರ ಹೊರುವವಳಿಗೆ ವಾರಕ್ಕೆ 150 ನಿಮಿಷ ನಡೆಯಿರಿ ಅಂತ ನಾನು ಹೇಳಿದರೆ ಅವಳು ನಗುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯ ಆ ಲೆಕ್ಕ ಇರುವುದು ಕೂತು ಕೆಲಸ ಮಾಡುವವರಿಗೆ ಮಾತ್ರ ಅಲ್ಲ, ಎಲ್ಲ ದೊಡ್ಡವರಿಗೂ ಹೌದು. ಕೆಲಸದಲ್ಲಿ ಮೈ ಬಗ್ಗಿಸಿದ್ದೂ ಅದರಲ್ಲಿ ಸೇರುತ್ತದೆ. ಅವಳಿಗೆ ಬೇಕಾದದ್ದು ವಿಶ್ರಾಂತಿ, ಬೇಳೆ, ಮೊಟ್ಟೆ.

ಆದರೆ ಅದೇ ಊರಲ್ಲಿ ಇನ್ನೊಂದು ಗುಂಪು ಇದೆ. ಗೇಟಿಗೆ ಹೋಗಲೂ ಸ್ಕೂಟಿ. ಅಡಿಕೆ ಸುಲಿಯಲು ಮಿಷನ್, ಔಷಧಿ ಹೊಡೆಯಲು ಬೇರೆಯವರು. ಐವತ್ತು ದಾಟಿದ ಹೆಂಗಸರಿಗೆ ಮಂಡಿನೋವು ಶುರುವಾದ ಮೇಲೆ ಅಡುಗೆಮನೆ, ಟಿವಿ, ದೇವರಕೋಣೆ, ಅಷ್ಟೇ ಓಡಾಟ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಜನರಿಗೆ ರಕ್ತಹೀನತೆ. ಅದೇ ಸಮೀಕ್ಷೆಯಲ್ಲಿ ಶೇ 30ರಷ್ಟು ಹೆಂಗಸರಿಗೆ ತೂಕ ಜಾಸ್ತಿ. ಎರಡೂ ಒಟ್ಟಿಗೆ ಇರುವವರನ್ನು ನಾನು ದಿನಾ ನೋಡುತ್ತೇನೆ. ಮೈ ತುಂಬಿದೆ, ರಕ್ತ ಇಲ್ಲ.

ನಡೆಯಿರಿ ಅಂತ ಹೇಳಿದರೆ ಅವರು ಕೇಳುವ ಪ್ರಶ್ನೆ ಒಂದೇ, ಎಲ್ಲಿ ನಡೆಯಲಿ? ಬೆಳಿಗ್ಗೆ ಮನೆಕೆಲಸ. ಸಂಜೆ ಏಳಕ್ಕೆ ಕತ್ತಲು, ನಾಯಿ, ಎದುರಿಗೆ ಹೈಬೀಮ್ ಹಾಕಿಕೊಂಡು ಬರುವ ಟಿಪ್ಪರ್. ಜಿಮ್ಮಿನ ದುಡ್ಡಲ್ಲಿ ಶಾಲೆಯಿಂದ ಬಸ್‌ಸ್ಟಾಪ್‌ವರೆಗೆ ರಸ್ತೆ ಪಕ್ಕ ಸ್ವಲ್ಪ ಅಗಲ ಮಾಡಿ ದೀಪ ಹಾಕಿದರೆ ಮಕ್ಕಳಿಗೂ ಆಯಿತು, ಇವರಿಗೂ ಆಯಿತು.

ಕ್ಯಾಸನೂರು ಪಕ್ಕ | ಸೊರಬ

ನಡೆಯುವ ವಿಷಯದಲ್ಲಿ ಒಂದು ಎಚ್ಚರಿಕೆ. ಪೇಟೆಯಿಂದ ಬಂದವರು ಕಾಡುದಾರಿಯಲ್ಲಿ ವಾಕಿಂಗ್ ಹೋಗಿ ಅಂತ ಸಲಹೆ ಕೊಡುತ್ತಾರೆ. ಡಿಸೆಂಬರ್‌ನಿಂದ ಮೇವರೆಗೆ ಮಂಗನ ಕಾಯಿಲೆ ಹರಡಿಸುವ ಉಣುಗಿನ ಕಾಲ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗುರುತಿಸಿದ್ದೇ ನಮ್ಮ ಕ್ಯಾಸನೂರು ಕಾಡಿನಲ್ಲಿ. ಸಾಗರದ ಅರಳಗೋಡು ಕಡೆ 2019ರಲ್ಲಿ ಅದರಿಂದ ಎಷ್ಟು ಜನ ಸತ್ತರು ಅಂತ ಎಲ್ಲರಿಗೂ ನೆನಪಿದೆ. ದರಗು (ಒಣ ಎಲೆ) ತರಲು, ಸೌದೆ ತರಲು ಹೋಗುವವರು ಹೋಗಲೇಬೇಕು. ಅವರಿಗೆ ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲ ಸಮಯಕ್ಕೆ ಸರಿಯಾಗಿ ಸಿಗಲಿ. ಮಂಗ ಸತ್ತದ್ದು ಕಂಡರೆ ಆ ಕಡೆ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ಹೇಳಿ. ಆ ಆರು ತಿಂಗಳು ನಡೆಯಲು ಊರೊಳಗಿನ ರಸ್ತೆಯೇ ಗತಿ. ಅದಕ್ಕೇ ನರ್ಸಮ್ಮ ಹೇಳಿದ ದೀಪ ಬಹಳ ಮುಖ್ಯ.

ತುಮರಿ ಹುಡುಗ | ಸಾಗರ ತಾಲ್ಲೂಕು

ದಾರಿ ಸರಿಯಾದರೆ ಎಲ್ಲ ಸರಿಯಾಗುತ್ತದೆ ಅಂದುಕೊಳ್ಳಬೇಡಿ. ಶರಾವತಿ ಹಿನ್ನೀರಿನ ಮೇಲಿನ ನಮ್ಮ ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಲಾಂಚಿಗೆ ಕಾಯುವ ಕಷ್ಟ ಹೋಯಿತು. ಆಸ್ಪತ್ರೆಗೆ ಹೋಗುವವರಿಗೆ ಅದು ಎಂಥ ನಿರಾಳ ಅಂತ ದ್ವೀಪದಲ್ಲಿ ಇದ್ದವರಿಗೇ ಗೊತ್ತು. ಆದರೆ ನಮ್ಮ ಅಂಗಡಿಗಳಿಗೆ ತರಕಾರಿಗಿಂತ ಮೊದಲು ಬಂದದ್ದು ಕುರುಕಲು ತಿಂಡಿಯ ಗಾಡಿ. 5 ರೂಪಾಯಿ ಪೊಟ್ಟಣದ ಸರ ಬಾಗಿಲಲ್ಲಿ ತೂಗುತ್ತದೆ. ಅದು ಕೆಡುವುದಿಲ್ಲ, ಉಳಿದರೆ ಕಂಪನಿಯವರೇ ವಾಪಸ್ ತೆಗೆದುಕೊಳ್ಳುತ್ತಾರೆ. ಬಾಳೆಹಣ್ಣು ಕೆಟ್ಟರೆ ಅಂಗಡಿಯವನ ಕೈಸುಟ್ಟಿತು. ಅವನು ಯಾವುದನ್ನು ಇಡುತ್ತಾನೆ ಹೇಳಿ?

ಕಂಡಕ್ಟರ್ | ಶಿವಮೊಗ್ಗ–ತೀರ್ಥಹಳ್ಳಿ

ಎಲ್ಲ ಓದಿದೆ. ಬಸ್ಸಿನ ಮಾತು ಯಾರೂ ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಬಂತು. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಪುಕ್ಕಟೆ. ನಮ್ಮ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಕಡೆ ಓಡುವುದು ಹೆಚ್ಚು ಖಾಸಗಿ ಬಸ್ಸು. ಸಂತೆಗೆ ಹೋಗುವ ಹೆಂಗಸು ಟಿಕೆಟ್ ತೆಗೆಯಲೇಬೇಕು. ಹೋಗಿ ಬರುವ ಚಾರ್ಜಿಗೆ ಎರಡು ಕೆಜಿ ಬೀನ್ಸ್ ಬರುತ್ತದೆ. ಕೊಪ್ಪದ ಸಹಕಾರ ಸಾರಿಗೆ ನೆನಪಿದೆಯಾ? ಕಾರ್ಮಿಕರೇ ಕಟ್ಟಿ 1991ರಿಂದ ನಡೆಸಿದ್ದು. ಒಳದಾರಿಗಳಿಗೆಲ್ಲ ಹೋಗುತ್ತಿತ್ತು. 2020ರಲ್ಲಿ ನಿಂತಿತು. ಆ ಮಾರ್ಗಗಳಲ್ಲಿ ಎಷ್ಟೋ ಊರಿಗೆ ಆಮೇಲೆ ಬೆಳಗಿನ ಬಸ್ಸೇ ಇಲ್ಲ.

ಕೆಲಸಕ್ಕೆ ಬರುವ ಒಂದು ಮಾತು. ಬೆಳಗಿನ ಮೊದಲ ಬಸ್ಸಲ್ಲಿ ಡಿಕ್ಕಿ ಖಾಲಿ ಇರುತ್ತದೆ. ಮಂಡಿಯಲ್ಲಿ ಬೆಳಗಿನ ಜಾವ ಯಾರಾದರೂ ಕೊಂಡು ಚೀಲ ಕಟ್ಟಿ ಸ್ಟ್ಯಾಂಡಿಗೆ ತಂದು ಹಾಕಿದರೆ ಎಂಟು ಗಂಟೆಗೆ ನಿಮ್ಮ ಸ್ಟಾಪಲ್ಲಿ ಇಳಿಸುತ್ತೇನೆ. ಚೀಲಕ್ಕೆ ಲಗೇಜ್ ಚಾರ್ಜ್ ಅಷ್ಟೇ. ಹೂವಿನ ಬುಟ್ಟಿ, ಪೇಪರ್ ಬಂಡಲ್ ಎಲ್ಲ ಹೀಗೇ ಬರುತ್ತಿರುವುದು.

ಹಳೇತೋಟ | ಕೊಪ್ಪ

ಒಳ್ಳೆ ಯೋಚನೆ. ಆದರೆ ಉಳಿದರೆ ನಷ್ಟ ಯಾರಿಗೆ? ತುಮರಿ ಹುಡುಗ ಹೇಳಿದ್ದು ಅದೇ ಅಲ್ವಾ. ಸ್ತ್ರೀಶಕ್ತಿ ಸಂಘದವರ ತಲೆಗೆ ಕಟ್ಟಬೇಡಿ, ಪಾಪ. ನಮ್ಮೂರಲ್ಲಿ ಹಾಗೆ ಒಂದು ಅಂಗಡಿ ಮಾಡಿ, ಮಳೆಗಾಲದ ಮೊದಲ ತಿಂಗಳಲ್ಲೇ ಸೊಪ್ಪು ಕೊಳೆತು, ಸಾಲ ಉಳಿಯಿತು.

ಅಂಗನವಾಡಿ ಟೀಚರ್ | ತೀರ್ಥಹಳ್ಳಿ ತಾಲ್ಲೂಕು

ಅದಕ್ಕೆ ದಾರಿ ಇದೆ. ಅಂಗನವಾಡಿಗೆ ತರಕಾರಿ ನಾನು ಕೊಳ್ಳಲೇಬೇಕು. ಪಕ್ಕದ ಶಾಲೆಯ ಬಿಸಿಯೂಟಕ್ಕೂ ಬೇಕು. ಹಾಸ್ಟೆಲ್ ಇದ್ದರೆ ಇನ್ನೂ ಒಳ್ಳೆಯದು. ಈಗ ನಾವೆಲ್ಲ ಬೇರೆ ಬೇರೆಯಾಗಿ ಆ ಗಾಡಿಯವನ ಹತ್ತಿರವೇ ಜಾಸ್ತಿ ಬೆಲೆಗೆ ಕೊಳ್ಳುತ್ತಿದ್ದೇವೆ. ಮೂರು ಕಡೆಯದ್ದು ಸೇರಿದರೆ ಒಂದು ಚೀಲಕ್ಕೆ ಗಿರಾಕಿ ಖಾತ್ರಿ. ಅದರ ಜೊತೆಗೆ ಕೇರಿಯವರು ಹಿಂದಿನ ದಿನ ಎಷ್ಟು ಬೇಕು ಅಂತ ಹೇಳಿದರೆ ಅಷ್ಟೇ ತರಿಸುವುದು. ಸೊಪ್ಪು ಹೇಳಿದವರಿಗೆ ಮಾತ್ರ. ಬದನೆ, ಸೌತೆ, ಕುಂಬಳ ಎರಡು ದಿನ ಇದ್ದರೂ ಏನೂ ಆಗುವುದಿಲ್ಲ.

ಜನತಾ ಮನೆ | ಹೊಸನಗರ ತಾಲ್ಲೂಕು

ಹಿಂದಿನ ದಿನ ಹೇಳುವುದು ಸರಿ, ಹಿಂದಿನ ದಿನ ದುಡ್ಡು ಕೊಡಿ ಅನ್ನಬೇಡಿ. ನಮಗೆ ಬಟವಾಡೆ ಆಗುವುದು ವಾರಕ್ಕೊಂದು ಸಲ. ವಾರದ ಕೊನೆಗೆ ಲೆಕ್ಕ ಮಾಡಿದರೆ ನಮ್ಮ ಸಾಲಿನ ಎಲ್ಲ ಮನೆಯವರೂ ಸೇರುತ್ತಾರೆ. ಇಲ್ಲದಿದ್ದರೆ ಇದೂ ಕಾರು ಇರುವವರ ಚೀಲವೇ ಆಗುತ್ತದೆ.

ಕಾಲುಸಂಕ | ತೀರ್ಥಹಳ್ಳಿ ತಾಲ್ಲೂಕು

ಎಲ್ಲರಿಗೂ ಥ್ಯಾಂಕ್ಸ್. ಸಭೆಗೆ ಬರೆದ ಅರ್ಜಿಯಲ್ಲಿ ಈಗ ಇರುವುದು ಇಷ್ಟು: ಕೇರಿಯ ಪಕ್ಕದ ಪಂಚಾಯ್ತಿ ಜಾಗದಲ್ಲಿ ಎರಡು ಗುಂಟೆ, ಬಲೆ ಸಮೇತ. ಶಾಲೆಯಿಂದ ಸ್ಟಾಪ್‌ವರೆಗೆ ದೀಪ. ಸಂಜೆ ಆರೂವರೆವರೆಗೆ ಶಾಲಾ ಮೈದಾನದ ಗೇಟು ತೆಗೆದಿಡಲು ಶಾಲೆಯ ಎಸ್‌ಡಿಎಂಸಿ ಸಮಿತಿಗೆ ಪತ್ರ. ಮಳೆಗಾಲದಲ್ಲಿ ದೂರದ ಮನೆಯ ಗರ್ಭಿಣಿಯರಿಗೆ ಊಟ ಮನೆಗೆ ತಲುಪಿಸಲು ಅನುಮತಿ ಕೇಳಿ ಇಲಾಖೆಗೆ ಠರಾವು. ಹಕ್ಕುಪತ್ರದ್ದು ಪಂಚಾಯ್ತಿ ಕೈಲಿಲ್ಲ, ಆದರೂ ಬರೆಸುತ್ತೇವೆ.

ಚೀಲಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ವಾರದ ಲೆಕ್ಕ ಸಂಘದ ಪುಸ್ತಕದಲ್ಲಿ ಇಡಲು ಒಪ್ಪಿದ್ದಾರೆ. ಮಂಡಿಯಲ್ಲಿ ಕೊಳ್ಳಲು ನನ್ನ ಭಾವ ಇದ್ದಾರೆ, ಅಲ್ಲೇ ಹಮಾಲಿ. ಕಂಡಕ್ಟರಣ್ಣ, ಸೋಮವಾರ ಮೊದಲ ಚೀಲ ಹಾಕಿಸಲಾ?

ಕಂಡಕ್ಟರ್ | ಶಿವಮೊಗ್ಗ–ತೀರ್ಥಹಳ್ಳಿ

ಹಾಕಿಸಿ. ಐದೂಮುಕ್ಕಾಲಿಗೆ ಸ್ಟ್ಯಾಂಡ್ ಬಿಡುತ್ತದೆ, ಐದೂವರೆಗೆ ಚೀಲ ಇರಬೇಕು. ಟೊಮೆಟೊ ಚೀಲಕ್ಕೆ ತುಂಬಬೇಡಿ, ಕ್ರೇಟಲ್ಲಿ ಕೊಡಿ. ಊರಿನ ಹೆಸರು ದೊಡ್ಡದಾಗಿ ಬರೆಸಿ. ಕಳೆದ ವಾರ ಯಾರದೋ ಗೊಬ್ಬರದ ಚೀಲ ಮೇಗರವಳ್ಳಿಗೆ ಹೋಗಿಬಿಟ್ಟಿತ್ತು, ಬೈಗುಳ ತಿಂದಿದ್ದು ನಾನು.